‘ಕೋಲ್ಡ್ ಕೇಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಶಿರಸಿಯ ಒಂದು ಕಾಲೇಜಿನಲ್ಲಿ ಮುಂದಿನ ವಾರ ಉಪನ್ಯಾಸವಿದೆ. ಬರುವವರು ನಿವೃತ್ತ ಪೊಲೀಸ್ ಅಧಿಕಾರಿ. ಮೊದಲು ಕೊಲೆ, ದರೋಡೆಗಳ ತನಿಖೆ ಮಾಡಿದವರು. ಆಮೇಲೆ ಫೊರೆನ್ಸಿಕ್, ಅಂದರೆ ಅಪರಾಧದ ಸುಳಿವುಗಳನ್ನು ಪರೀಕ್ಷಿಸುವ ವಿಜ್ಞಾನದ, ಪಾಠ ಹೇಳಿದರು. ಈಗ ಕೋಲ್ಡ್ ಕೇಸ್‌ಗಳಿಗೆ, ಅಂದರೆ ಮಾಡಿದವರು ಯಾರೆಂದು ಗೊತ್ತಾಗದೆ ವರ್ಷಗಟ್ಟಲೆ ನಿಂತುಹೋದ ಕೇಸುಗಳಿಗೆ, ಸಲಹೆ ಕೊಡುತ್ತಾರೆ. ಕರಪತ್ರಕ್ಕೆ ಅವರ ಪರಿಚಯ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾಲ್ಕು ಸಾಲು, ಅರ್ಧ ಗಂಟೆ ಸಾಕು ಅಂದುಕೊಂಡೆ. ಮೂರು ದಿನ ಆಯ್ತು.

‘ತನಿಖೆ’ಯಲ್ಲಿ ತೊಂದರೆಯಿಲ್ಲ. ಎರಡನೇ ಸಾಲಿನಲ್ಲೇ ಎಡವಿದೆ. ಫೊರೆನ್ಸಿಕ್‌ಗೆ ಸರ್ಕಾರಿ ಕನ್ನಡ ‘ವಿಧಿವಿಜ್ಞಾನ’. ಇಲ್ಲಿ ವಿಧಿ ಅಂದರೆ ಕಾನೂನು. ಆದರೆ ಊರಿನ ಕಿವಿಗೆ ವಿಧಿ ಅಂದರೆ ಹಣೆಬರಹ. ನಮ್ಮತ್ತೆ ಕರಡು ಓದಿ, “ಪೊಲೀಸಿನವರು ಜಾತಕ ನೋಡೋದೂ ಕಲಿಸ್ತಾರಾ?” ಅಂದರು. ತಮಾಷೆಗೆ ಕೇಳಿದ್ದಲ್ಲ. ‘ಬೆರಳಚ್ಚು ತಜ್ಞ’ ಅಂತ ಬರೆದರೆ ಹಳೆಯ ಕಾಲದವರಿಗೆ ಟೈಪಿಸ್ಟ್ ನೆನಪಾಗುತ್ತಾನೆ. ಪಾಠದ ಪುಸ್ತಕಗಳಲ್ಲಿ ‘ಮರಣಕಾಠಿಣ್ಯ’ ಅಂತೊಂದು ಪದವಿದೆ. ಹೆಣ ಸೆಟೆಯುವುದು ಅಂದರೆ ಮಕ್ಕಳಿಗೂ ಗೊತ್ತಾಗುತ್ತದೆ, ಅಲ್ವಾ? ಕಾರವಾರದ ಸೆಕೆಯಲ್ಲಿ ಹೆಣ ಬೇಗ ಸೆಟೆಯುತ್ತದೆ, ಬೇಗ ಸಡಿಲವೂ ಆಗುತ್ತದೆ. ಈ ಮಾತನ್ನು ‘ಕಾಠಿಣ್ಯ’ ಹಾಕಿ ಒಮ್ಮೆ ಬರೆದು ನೋಡಿ.

ಇರಲಿ, ‘ಫೊರೆನ್ಸಿಕ್’ ಅಂತಲೇ ಬಿಟ್ಟೆ.

ಇನ್ನೊಂದು ಗೊಂದಲ ನಮ್ಮ ಉತ್ತರ ಕನ್ನಡ ಜಿಲ್ಲೆಯದೇ. ಕೊಲೆಯಾದ ಜಾಗ ನೋಡಿ ಪಂಚರ (ಸಾಕ್ಷಿಗೆ ಕರೆದವರ) ಮುಂದೆ ಬರೆಯುವ ಕಾಗದಕ್ಕೆ ‘ಪಂಚನಾಮೆ’ ಅನ್ನಬೇಕೋ ‘ಮಹಜರು’ ಅನ್ನಬೇಕೋ? ಪಕ್ಕದ ಮನೆಯ ಅಜ್ಜ ಪೊಲೀಸ್ ಸ್ಟೇಷನ್ನಿನಲ್ಲಿ ಕಾಗದಪತ್ರ ಬರೆಯುವ ರೈಟರ್ ಆಗಿದ್ದವರು. ಅವರಿಗೆ ಅದು ಪಂಚನಾಮೆಯೇ. ಬೆಂಗಳೂರಿನಲ್ಲಿ ಲಾ ಓದಿದ ನನ್ನ ತಂಗಿಯ ಮಗನಿಗೆ ಮಹಜರು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆ ಬಂತು, ಪದ ಮುಂಬೈ ಕಡೆಯದೇ ಉಳಿಯಿತು. ಮಜಾ ಅಂದರೆ, ಮಹಜರು ಅನ್ನುವ ಕಡೆಯೂ ಅದಕ್ಕೆ ಸಹಿ ಹಾಕುವವರು ‘ಪಂಚರೇ’. ಪಂಚ ಅಂದರೆ ಐದು, ಸಹಿಗೆ ಬರುವವರು ಇಬ್ಬರು. ಇದರ ಚರ್ಚೆ ಬೇರೆ ದಿನ ಇಟ್ಟುಕೊಳ್ಳೋಣ.

ನನ್ನ ನಿಜವಾದ ಪ್ರಶ್ನೆ ‘ಕೋಲ್ಡ್ ಕೇಸ್’ ಬಗ್ಗೆ.

ಮೊದಲು ‘ತಣ್ಣಗಾದ ಕೇಸು’ ಅಂತ ಬರೆದೆ. ಬರೆದ ಕೂಡಲೇ ಏನೋ ಚುಚ್ಚಿತು. ಇಂಗ್ಲಿಷಿನಲ್ಲಿ ಬೇಟೆನಾಯಿ ವಾಸನೆ ಹಿಡಿದು ಓಡುತ್ತದೆ, ಹೊತ್ತು ಕಳೆದ ಹಾಗೆ ಆ ವಾಸನೆ ‘ತಣ್ಣಗಾಗುತ್ತದೆ’. ಅಲ್ಲಿ ತಂಪು ಅಂದರೆ ಸೋಲು. ನಮ್ಮಲ್ಲಿ ಹಾಗಲ್ಲ. ಗಲಾಟೆ ತಣ್ಣಗಾಯ್ತು ಅಂದರೆ ಒಳ್ಳೆಯದಾಯ್ತು. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತ ಹರಸುತ್ತೇವೆ. ಮಗಳನ್ನು ಕೊಂದವರು ಯಾರು ಅಂತ ಇಪ್ಪತ್ತು ವರ್ಷದಿಂದ ಕಾಯುತ್ತಿರುವ ತಾಯಿಯ ಮುಂದೆ ‘ನಿಮ್ಮ ತಣ್ಣಗಾದ ಕೇಸು’ ಅನ್ನೋಕೆ ಬಾಯಿ ಬರುತ್ತದಾ?

ಅಜ್ಜನನ್ನು ಕೇಳಿದೆ. “ನಾವು ಅನ್‌ಡಿಟೆಕ್ಟೆಡ್ ಅಂತಿದ್ವಿ. ಸಿ ರಿಪೋರ್ಟ್ ಹಾಕ್ತಿದ್ವಿ” ಅಂದರು. ಕರ್ನಾಟಕದಲ್ಲಿ ಬಿ ರಿಪೋರ್ಟ್ ಎಲ್ಲರಿಗೂ ಗೊತ್ತು, ದೂರಿನಲ್ಲಿ ಹುರುಳಿಲ್ಲ ಅಂತ ಕೋರ್ಟಿಗೆ ಹೇಳುವುದು. ಸಿ ರಿಪೋರ್ಟ್ ಅಂದರೆ ಅಪರಾಧ ನಡೆದದ್ದು ನಿಜ, ಮಾಡಿದವರು ಸಿಗಲಿಲ್ಲ ಅಂತ. ಮಹಾರಾಷ್ಟ್ರದಲ್ಲಿ ಇದೇ ಮಾತಿಗೆ ‘ಎ ಸಮರಿ’ ಅನ್ನುತ್ತಾರೆ. ಅಕ್ಷರಗಳೇ ಬೇರೆ ಸಾಲಿನಲ್ಲಿ ನಿಂತಿವೆ.

ಹಾಗಾದರೆ ‘ಮುಚ್ಚಿದ ಕೇಸು’? ಅದೂ ತಪ್ಪು. ಸಿ ರಿಪೋರ್ಟ್ ಹಾಕಿದ ಮೇಲೂ ಹೊಸ ಸುಳಿವು ಸಿಕ್ಕರೆ ಮತ್ತೆ ತನಿಖೆ ಮಾಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು ಕಲಂ 173(8). 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 193(9). ಕೊಲೆ ಕೇಸಿಗೆ ಇಷ್ಟೇ ವರ್ಷ ಅಂತ ಗಡುವೂ ಇಲ್ಲ. ಜೊತೆಗೆ ‘ಮುಚ್ಚಿ ಹಾಕಿದ ಕೇಸು’ ಅಂತ ಯಾರಾದರೂ ಓದಿಕೊಂಡರೆ ಅತಿಥಿಗಳು ವೇದಿಕೆಯಿಂದಲೇ ಎದ್ದು ಹೋದಾರು.

ಪೇಪರಿನಲ್ಲಿ ಬರುವ ‘ಎಲ್‌ಪಿಸಿ ಕೇಸ್’ (ಲಾಂಗ್ ಪೆಂಡಿಂಗ್ ಕೇಸ್, ಬಹುಕಾಲದಿಂದ ಬಾಕಿಯಿರುವುದು) ಇದಲ್ಲ. ಅಲ್ಲಿ ಆರೋಪಿ ಯಾರೆಂದು ಗೊತ್ತು, ಅವನು ತಲೆಮರೆಸಿಕೊಂಡಿರುತ್ತಾನೆ, ಅಷ್ಟೇ.

‘ಪತ್ತೆಯಾಗದ ಕೇಸು’ ವಾಸಿ, ಪೊಲೀಸರೂ ಬಳಸುತ್ತಾರೆ. ಆದರೆ ಮುಂದೆ ‘ಸಲಹೆಗಾರ’ ಸೇರಿಸಿ ನೋಡಿ. ‘ಪತ್ತೆಯಾಗದ ಅಪರಾಧಗಳ ಸಲಹೆಗಾರರು’! ಸಿಕ್ಕಿಬೀಳದೆ ಕಳ್ಳತನ ಮಾಡುವುದು ಹೇಗೆ ಅಂತ ಹೇಳಿಕೊಡುವವರ ಹಾಗೆ ಕೇಳುತ್ತದೆ.

ನನಗೆ ಇಷ್ಟವಾದದ್ದು ‘ಜಾಡು’. ತೋಟಕ್ಕೆ ಹಂದಿ ನುಗ್ಗಿದರೆ ಬೆಳಿಗ್ಗೆ ಎದ್ದು ಜಾಡು ಹಿಡಿದು ಹೋಗುತ್ತೇವೆ. ರಾತ್ರಿ ಮಳೆ ಬಂದರೆ ಜಾಡು ಸಿಗುವುದಿಲ್ಲ. ಹಂದಿ ಬಂದದ್ದಂತೂ ಸುಳ್ಳಲ್ಲ. ಇಂಗ್ಲಿಷಿನ ನಾಯಿಗೆ ಸರಿಸಾಟಿ ನಮ್ಮಲ್ಲೇ ಇದೆ. ಆದರೆ ಅದರ ಜೊತೆ ಯಾವ ಕ್ರಿಯಾಪದ? ‘ಜಾಡು ತಪ್ಪಿದ ಕೇಸು’ ಅಂದರೆ ದಾರಿ ತಪ್ಪಿದ ಮಗನ ಹಾಗೆ ಕೇಸೇ ಕೆಟ್ಟಿತು ಅನಿಸುತ್ತದೆ. ‘ಜಾಡು ಅಳಿದ’ ಅಂದರೆ ಇನ್ನು ಯಾವತ್ತೂ ಸಿಗದು ಅನ್ನುವ ಹಾಗಿದೆ, ಸಲಹೆಗಾರರಿಗೆ ಕೆಲಸವೇ ಇಲ್ಲ. ‘ಜಾಡು ಸಿಗದ ಕೇಸು’ ಸಪ್ಪೆ, ಆದರೆ ಸುಳ್ಳು ಹೇಳುವುದಿಲ್ಲ.

‘ಕೋಲ್ಡ್ ಕೇಸ್’ ಅಂತಲೇ ಬಿಡಿ ಅನ್ನುವವರೂ ಇರುತ್ತೀರಿ. ಎಫ್‌ಐಆರ್ ಅನ್ನು ಹಾಗೇ ಬಿಟ್ಟಿದ್ದೇವಲ್ಲ, ಇದರಲ್ಲೇನು ಅಂತ. ಒಪ್ಪುತ್ತೇನೆ, ಆದರೆ ಸುಮ್ನೆ ಒಪ್ಪಲು ಮನಸ್ಸಿಲ್ಲ.

ಕರಡಿನಲ್ಲಿ ಸದ್ಯಕ್ಕೆ ‘ಜಾಡು ಸಿಗದೆ ನಿಂತ ಹಳೆಯ ಕೇಸುಗಳಿಗೆ ಸಲಹೆ ನೀಡುತ್ತಾರೆ’ ಅಂತಿದೆ. ಬುಧವಾರ ಸಂಜೆ ಪ್ರೆಸ್ಸಿಗೆ ಕೊಡಬೇಕು. ಬಯಲುಸೀಮೆ ಕಡೆ, ಕೊಡಗಿನ ಕಡೆ ಬೇಟೆಯ ಮಾತಿನಲ್ಲಿ ಇದಕ್ಕೊಂದು ಪದ ಇದ್ದರೆ ಅಷ್ಟರೊಳಗೆ ತಿಳಿಸಿ.