ಸೀತಾಫಲ ಸೊಟ್ಟಗೆ ಬೆಳೀತಿದೆ, ಹೂವೆಲ್ಲ ಉದುರುತ್ತಿದೆ. ಏನು ಮಾಡಲಿ?

ಪ್ರಶ್ನೆ: ಗಿಡಕ್ಕೆ 5 ವರ್ಷ. ಮೈತುಂಬ ಹೂ ಬಿಡುತ್ತದೆ, ಆದರೆ ಕಾಯಿ ಕಚ್ಚುವುದು ಬೆರಳೆಣಿಕೆಯಷ್ಟು. ಕಚ್ಚಿದ್ದೂ ಒಂದು ಮಗ್ಗುಲಲ್ಲಿ ಉಬ್ಬಿ, ಇನ್ನೊಂದು ಮಗ್ಗುಲಲ್ಲಿ ಚಪ್ಪಟೆ. ಗೊಬ್ಬರ ಜಾಸ್ತಿ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ.

ಉತ್ತರ: ಗೊಬ್ಬರ ಸುಮ್ನೆ ಸುರಿಯಬೇಡಿ, ಪರಾಗ ಸಾಲದೇ ಇರಬಹುದು. ಒಂದು ಸೊಟ್ಟ ಕಾಯಿಯನ್ನು ಕೊಯ್ದು ನೋಡಿ. ಉಬ್ಬಿದ ಕಡೆ ಬೀಜ ಇದ್ದು ಚಪ್ಪಟೆ ಕಡೆ ಇಲ್ಲದಿದ್ದರೆ ಅದೇ ಕಾರಣ. ಸೀತಾಫಲದ ಒಂದೊಂದು ತೊಳೆಗೂ ಬೇರೆ ಬೇರೆಯಾಗಿ ಪರಾಗ ಸಿಗಬೇಕು, ಸಿಗದ ಜಾಗ ಕುಗ್ಗಿಯೇ ಉಳಿಯುತ್ತದೆ. ಈ ಹೂವಿಗೆ ಜೇನಿನಿಂದ ಹೆಚ್ಚು ಉಪಯೋಗವಿಲ್ಲ, ದಪ್ಪ ಎಸಳಿನ ಸಂದಿಯಲ್ಲಿ ನುಸುಳುವ ಪುಟಾಣಿ ದುಂಬಿಗಳೇ ಬೇಕು. ಅವು ಕಡಿಮೆ ಇದ್ದರೆ ನೀವೇ ಬ್ರಷ್ ಹಿಡಿದು ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರಬೇಕು.

ಪ್ರಶ್ನೆ: ಕೊಯ್ದೆ, ನೀವು ಹೇಳಿದ ಹಾಗೇ ಇದೆ! ಆದರೆ ಗಂಡು ಹೂವು ಯಾವುದು, ಹೆಣ್ಣು ಯಾವುದು?

ಉತ್ತರ: ಎರಡೂ ಒಂದೇ ಹೂವು, ಹೊತ್ತು ಮಾತ್ರ ಬೇರೆ. ಎಸಳು ಸ್ವಲ್ಪವೇ ಬಿರಿದಾಗ ಅದು ಹೆಣ್ಣು. ಇಣುಕಿ ನೋಡಿದರೆ ಪರಾಗ ಹಿಡಿಯುವ ನಡುವಿನ ಗುಬುಟು ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಆಮೇಲೆ ಎಸಳು ಪೂರ್ತಿ ಅಗಲವಾಗುತ್ತದೆ, ಕೇಸರ ಸಡಿಲವಾಗಿ ಅಂಗೈ ಮೇಲೆ ತಟ್ಟಿದರೆ ಪುಡಿಪುಡಿಯಾಗಿ ಬೀಳುತ್ತದೆ, ಆಗ ಗಂಡು. ಅಷ್ಟರಲ್ಲಿ ಆ ಗುಬುಟು ಒಣಗಿರುತ್ತದೆ, ಅದಕ್ಕೇ ತನ್ನ ಪರಾಗ ತನಗೇ ದಕ್ಕುವುದು ಅಪರೂಪ. ಪೂರ್ತಿ ಅರಳಿದ ಹೂವಿನ ಪುಡಿಯನ್ನು ಒಣ ಬಟ್ಟಲಲ್ಲಿ ಹಿಡಿದು, ಸಣ್ಣ ಮೆತ್ತನೆ ಬ್ರಷ್‌ನಿಂದ ಅರೆಬಿರಿದ ಹೂವಿನೊಳಗೆ ಸುತ್ತಲೂ ತಿರುಗಿಸಿ ಸವರಿ. ಒಂದೇ ಕಡೆ ಮುಟ್ಟಿಸಿ ಬಿಟ್ಟರೆ ಮತ್ತೆ ಸೊಟ್ಟ ಕಾಯಿಯೇ. ಪರಾಗ ತಾಜಾ ಇರಬೇಕು, ಮತ್ತೆ ಬಿಸಿಲೇರಿದ ಮೇಲೆ ಮಾಡಬೇಡಿ, ಗುಬುಟು ಬೇಗ ಒಣಗುತ್ತದೆ. ಸವರಿದ ಹೂವಿಗೆ ದಾರ ಕಟ್ಟಿಡಿ, ಇಲ್ಲದಿದ್ದರೆ ಯಾವುದು ನೀವು ಮಾಡಿದ್ದು ಅಂತ ಗೊತ್ತಾಗುವುದಿಲ್ಲ.

ಇನ್ನೊಬ್ಬರು: ಹೂ ಬಿಡುವ ಕಾಲದಲ್ಲಿ ಕೀಟನಾಶಕ ಹೊಡೆಯಲೇಬೇಡಿ ದಯವಿಟ್ಟು, ಇರುವ ದುಂಬಿಯೂ ಸಾಯುತ್ತದೆ. ಗಿಡದ ಬುಡದಲ್ಲಿ ಕೊಳೆತ ಹಣ್ಣು ಇಟ್ಟರೆ ಆ ವಾಸನೆಗೆ ದುಂಬಿ ಬರುತ್ತವೆ.

ಪ್ರಶ್ನೆ: ಮೂರು ವಾರ ಆಯ್ತು. 20 ಹೂವಿಗೆ ಸವರಿದ್ದೆ, ದಾರ ಕಟ್ಟಿದ್ದರಲ್ಲಿ 11 ಕಡೆ ಕಾಯಿ ಕಚ್ಚಿದೆ, ಎಲ್ಲವೂ ಗುಂಡಗೆ! ತುಂಬ ಥ್ಯಾಂಕ್ಸ್. ಒಂದೇ ಕೊಂಬೆಯಲ್ಲಿ 4 ಇವೆ, ಬಿಡಬಹುದಾ?

ಉತ್ತರ: ತುಂಬ ಖುಷಿಯಾಯ್ತು. ಕೊಂಬೆ ತೆಳ್ಳಗಿದ್ದರೆ ಎರಡು ಉಳಿಸಿ ಮಿಕ್ಕದ್ದನ್ನು ಈಗಲೇ ಚಿವುಟಿ, ಉಳಿಸಿದವು ದಪ್ಪ ಬರುತ್ತವೆ.