9×12 ಮ್ಯಾಕ್ಸಿಮಾರ್: ಗ್ರೌಂಡ್ ಗ್ಲಾಸಲ್ಲಿ ಶಾರ್ಪ್, ನೆಗೆಟಿವ್‌ನಲ್ಲಿ ಮಸುಕು

ಗಾಜುತಟ್ಟೆ: ತಲೆ ಕೆಟ್ಟುಹೋಗಿದೆ. ನನ್ನದು ಜೈಸ್ ಇಕಾನ್ ಕಂಪನಿಯ ಹಳೇ ಮಡಚುವ ಪ್ಲೇಟ್ ಕ್ಯಾಮೆರಾ ಮ್ಯಾಕ್ಸಿಮಾರ್ (9×12 ಸೆಂ.ಮೀ. ನೆಗೆಟಿವ್), ಲೆನ್ಸ್ ಟೆಸ್ಸಾರ್ 13.5 ಸೆಂ.ಮೀ. ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಹಿಂದಿನ ಮಬ್ಬು ಗಾಜು) ಮೇಲೆ ಲೂಪ್, ಅಂದರೆ ಭೂತಗನ್ನಡಿ, ಇಟ್ಟು ನೋಡಿದರೆ ಕಣ್ರೆಪ್ಪೆ ಎಣಿಸಬಹುದು, ನೆಗೆಟಿವ್ ತೊಳೆದರೆ ಮುಖವೆಲ್ಲ ಮಸುಕು. ಲೆನ್ಸ್ ರಂಧ್ರ ಕಿರಿದು ಮಾಡಿ ಎಫ್ 16ರಲ್ಲಿ ತೆಗೆದರೆ ಪರವಾಗಿಲ್ಲ. ಲೆನ್ಸ್ ಹೋಯ್ತಾ? ಬೆಲೆ ಎಷ್ಟು ಇಳಿಯುತ್ತೆ?

ಕಂಪುರ್‌ಭಟ್ಟ: ಮುಂದಿನ ಸೆಲ್ (ಲೆನ್ಸಿನ ಮುಂಭಾಗದ ಗಾಜು ಕೂತ ಬಳೆ) ಪೂರ್ತಿ ಕೂತಿಲ್ಲ, ಬರೆದಿಟ್ಟುಕೊಳ್ಳಿ. ಶಟರ್ ತೊಳೆದವರು ಸೆಲ್‌ನ ತಿರುಪು ಮರೆ ಅಡ್ಡಾದಿಡ್ಡಿ ಹತ್ತಿಸಿರುತ್ತಾರೆ. ಬಿಚ್ಚಿ ಮತ್ತೆ ಕೂರಿಸಿ. ಶಟರ್‌ಗೆ ಎಣ್ಣೆ ಮಾತ್ರ ಬಿಡಬೇಡಿ.

ಹಳೆನೆಗೆಟಿವ್: ಸೆಲ್ ದೋಷ ಆಗಿದ್ದರೆ ಗ್ರೌಂಡ್ ಗ್ಲಾಸಲ್ಲೂ ಕಾಣಬೇಕಲ್ಲ ಭಟ್ರೇ? ಗಾಜುತಟ್ಟೆಯವರೇ, ಗಾಜಿನ ಪ್ಲೇಟಾ, ಶೀಟ್ ಫಿಲ್ಮಾ? ಫಿಲ್ಮ್ ಶೀತ್ (ಪ್ಲೇಟ್ ಜಾಗದಲ್ಲಿ ಫಿಲ್ಮ್ ಹಿಡಿಯುವ ತಗಡಿನ ಚೌಕಟ್ಟು) ಹಾಕ್ತೀರಾ? ಗ್ರೌಂಡ್ ಗ್ಲಾಸ್ ಮೂಲದ್ದೇನಾ?

ಕಂಪುರ್‌ಭಟ್ಟ: ಮೊದಲು ಸೆಲ್ ನೋಡ್ಲಿ. ಅಂದಹಾಗೆ ಕ್ಯಾಮೆರಾದ ಚರ್ಮದ ಮೇಲೆ ಇಕಾ ಕಂಪನಿಯ ಮುದ್ರೆ ಇದೆಯಾ? ಇದ್ದರೆ ಕಲಬೆರಕೆ ಮಾಲು, ಬೆಲೆ ಅರ್ಧ.

ಹಸಿರುಬೆರ್ಗ್‌ಹೈಲ್: ಅದು ತಪ್ಪು ಸ್ವಾಮಿ. 1926ರಲ್ಲಿ ಇಕಾ, ಎರ್ನೆಮಾನ್, ಗೋರ್ಜ್, ಕಾಂಟೆಸಾ-ನೆಟ್ಟೆಲ್ ಸೇರಿ ಜೈಸ್ ಇಕಾನ್ ಆಯ್ತು. ಮೊದಮೊದಲು ಉಳಿದ ಭಾಗಗಳನ್ನೇ ಬಳಸಿದರು, ಎರಡು ಹೆಸರಿದ್ದರೆ ನಕಲಿ ಅಲ್ಲ. ಬೆಲೆ ಕೆಡುವುದು ಬೆಲ್ಲೋಸ್ (ಲೆನ್ಸ್ ಹಿಂದಿನ ಮಡಿಕೆ ಚೀಲ) ಮೂಲೆಯ ತೂತಿಂದ, ಹೊಂದದ ಹೋಲ್ಡರ್‌ಗಳಿಂದ (ಫಿಲ್ಮ್ ಇಟ್ಟು ಕ್ಯಾಮೆರಾ ಹಿಂದೆ ಜಾರಿಸುವ ಚಪ್ಪಟೆ ಪೆಟ್ಟಿಗೆ). 

ಗಾಜುತಟ್ಟೆ: ಶೀಟ್ ಫಿಲ್ಮ್, ಶೀತ್ ಇದೆ. ಗ್ಲಾಸ್ ಒಡೆದಿತ್ತು, ಹೊಸದು 1.5 ಮಿ.ಮೀ. ಹಾಕಿದ್ದೀನಿ. ಅದಕ್ಕೂ ಇದಕ್ಕೂ ಏನು?

ಹಳೆನೆಗೆಟಿವ್: ಇದನ್ನೇ ಮೊದಲು ಹೇಳಬೇಕಿತ್ತು! ಗಾಜಿನ ಒರಟು ಮುಖ ಲೆನ್ಸ್ ಕಡೆ ಇರಬೇಕು. ಪೆನ್ಸಿಲಿಂದ ಅಂಚಲ್ಲಿ ಗೀಚಿ. ಗೀರು ಬಿದ್ದ ಮುಖವೇ ಒರಟು. ತಿರುಗಾಮುರುಗಾ ಕೂತಿದ್ದರೆ, ಗಾಜಿನ ವಕ್ರೀಭವನ ಕಳೆದು, 1.5 ಮಿ.ಮೀ. ಗಾಜಿಗೆ ಸುಮಾರು 1 ಮಿ.ಮೀ. ಫೋಕಸ್ ತಪ್ಪುತ್ತೆ. ಎಫ್ 4.5ರಲ್ಲಿ ಆ 1 ಮಿ.ಮೀ. ಅಂದರೆ 0.22 ಮಿ.ಮೀ. ಅಗಲದ ಮಸುಕು ಚುಕ್ಕೆ, ಎಫ್ 16ರಲ್ಲಿ ಬರೀ 0.06. ಅದಕ್ಕೇ ಅಲ್ಲಿ ಪರವಾಗಿಲ್ಲ ಅನಿಸ್ತಿದೆ. ಫೋಟೋದಲ್ಲಿನವರ ಮುಖ 2 ಮೀಟರ್‌ನಲ್ಲಿದ್ದರೆ ಅದರ 20 ಸೆಂ.ಮೀ. ಹಿಂದಿನದು ಶಾರ್ಪ್ ಬಂದಿರಬೇಕು, ನೋಡಿ.

ಗಾಜುತಟ್ಟೆ: ಹೌದು, ಕುರ್ಚಿ ಬೆನ್ನು ಶಾರ್ಪ್ ಇದೆ! ಗೀರು ಬಿದ್ದದ್ದು ನೋಡುವ ಕಡೆ. ತಿರುಗಿಸಿದೆ. ಈಗ ಒಂದು ಹೋಲ್ಡರ್ ಸರಿ, ಇನ್ನೊಂದರಲ್ಲಿ ಇನ್ನೂ ಕೊಂಚ ಮಸುಕು.

ಹಳೆನೆಗೆಟಿವ್: ಆ ಹೋಲ್ಡರ್ ಬೇರೆ ಕಂಪನಿಯದಿರಬಹುದು, ಕ್ಯಾಮೆರಾ ಹಿಂದಿನ ಹಳಿಗೆ ಜಾರಿ ಕೂತರೂ ಫಿಲ್ಮ್ ಕೂರುವ ಆಳ ಒಂದೇ ಇರಲ್ಲ. ಶೀತ್‌ಗೆ ಕೆಟ್ಟ ಫಿಲ್ಮ್ ತುರುಕಿ, ಹೋಲ್ಡರ್ ಮುಖದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಕ್ಯಾಲಿಪರ್‌ನ ಡೆಪ್ತ್ ಕಡ್ಡಿಯಿಂದ ಫಿಲ್ಮ್‌ವರೆಗೆ ನಾಲ್ಕೂ ಮೂಲೆ, ನಡುವೆ ಅಳೆಯಿರಿ. ಗ್ರೌಂಡ್ ಗ್ಲಾಸ್ ಫ್ರೇಮನ್ನೂ ಹಾಗೇ. ಎರಡರ ವ್ಯತ್ಯಾಸ 0.2 ಮಿ.ಮೀ. ಒಳಗಿದ್ದರೆ ಸಾಕು. ನಡು ಮಾತ್ರ ಉಬ್ಬಿದ್ದರೆ ಶೀತ್ ಸೊಟ್ಟ. ಹೋಲ್ಡರ್ ಅಂಚಿನ ತುಟಿ ಬಗ್ಗಿಸಬೇಡಿ, ಪ್ಲೇಟ್ ಹಿಡಿಯೋದು ಅದೇ.

ಕಂಪುರ್‌ಭಟ್ಟ: ಆದರೂ ಸೆಲ್ ಒಮ್ಮೆ ನೋಡಿಬಿಡಿ.

ಹಸಿರುಬೆರ್ಗ್‌ಹೈಲ್: ಒಡೆದ ಹಳೇ ಗಾಜು ಎಸೆದಿಲ್ಲ ತಾನೆ? ಮಾರುವಾಗ ಕೇಳ್ತಾರೆ.