ಹೆರಿಗೆಯಾದ ಮೇಲೆ ಶುಗರ್ ನಾರ್ಮಲ್ ಬಂದವರಿಗೆ ಮುಂದಿನ ಪರೀಕ್ಷೆ ಯಾವುದು, ಎಷ್ಟು ವರ್ಷ?

ಪೆರ್ಲ_ವಾರ್ಡ್:
ಬಸುರಿಯಲ್ಲಿ ಶುಗರ್ ಕಾಣಿಸಿಕೊಂಡವರ ಬಗ್ಗೆ ಕೇಳುತ್ತಿದ್ದೇನೆ. ನಮ್ಮ ಕಡೆ ಹಲವರ ಹೆರಿಗೆ ಮಂಗಳೂರಿನಲ್ಲಿ, ಬಾಣಂತನ ತವರಿನಲ್ಲಿ, ಮಗುವಿನ ಚುಚ್ಚುಮದ್ದು ಇಲ್ಲಿನ ಕುಟುಂಬಾರೋಗ್ಯ ಕೇಂದ್ರದಲ್ಲಿ. ಡಿಸ್ಚಾರ್ಜ್ ಚೀಟಿಯಲ್ಲಿ 'ಜಿಡಿಎಂ' (ಬಸುರಿನಲ್ಲಿ ಬರುವ ಡಯಾಬಿಟಿಸ್) ಎಂದು ಬರೆದಿರುತ್ತಾರೆ. ಹೆರಿಗೆಯಾಗಿ ಎರಡು ದಿನಕ್ಕೆ ಶುಗರ್ ಇಳಿದು ಇನ್ಸುಲಿನ್ ನಿಂತಿರುತ್ತದೆ, ಮನೆಯವರ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಕೆಲವರು ಎರಡು ತಿಂಗಳಲ್ಲಿ ಬರಿಹೊಟ್ಟೆಯ ಒಂದು ಪರೀಕ್ಷೆ ಮಾಡಿಸುತ್ತಾರೆ, ಕೆಲವರು ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ. ಇವುಗಳಲ್ಲಿ ಯಾವುದು ಸರಿ? ಎಷ್ಟು ವರ್ಷದವರೆಗೆ ಮಾಡಿಸಬೇಕು? ಇನ್ನೊಂದು, ಬಾಣಂತಿ ಲೇಹ ಮತ್ತು ಓಲೆಬೆಲ್ಲದ (ತಾಳೆಬೆಲ್ಲದ) ವಿಷಯ. 'ಸಕ್ಕರೆ ಅಲ್ಲವಲ್ಲ, ಬೆಲ್ಲ ತಾನೆ' ಎನ್ನುವ ಅಜ್ಜಿಯಂದಿರಿಗೆ ಏನು ಹೇಳಬೇಕು?

ಉಪ್ಪಳ_ಲ್ಯಾಬ್:
ಪರೀಕ್ಷೆಯ ಮಟ್ಟಿಗೆ ಹೇಳುತ್ತೇನೆ. ಆರು ವಾರಕ್ಕೆ ಬೇಕಾದ್ದು 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಎರಡು ಗಂಟೆಯ ಪರೀಕ್ಷೆ. ಬರಿಹೊಟ್ಟೆಯದು ಮಾತ್ರ ಸಾಲದು. ಈ ತಾಯಂದಿರಲ್ಲಿ ಹಲವರಿಗೆ ಬೆಳಗಿನ ಅಂಕಿ ಚೆನ್ನಾಗಿಯೇ ಇದ್ದು, ಉಂಡ ಮೇಲಿನದು ಮಾತ್ರ ಇಳಿಯದೆ ನಿಂತಿರುತ್ತದೆ. ಎಚ್‌ಬಿಎ1ಸಿ ಆ ಹೊತ್ತಿಗೆ ನಂಬುವಂಥದ್ದಲ್ಲ. ಹೆರಿಗೆಯಲ್ಲಿ ರಕ್ತ ಹೋಗಿ ಹೊಸ ಕೆಂಪುಕಣಗಳು ಹುಟ್ಟುತ್ತಿರುವಾಗ, ಅವರಿಗೆ ರಕ್ತ ಏರಿಸಿರುವಾಗ ಅಥವಾ ಕಬ್ಬಿಣದ ಮಾತ್ರೆ ಹಿಡಿಯುತ್ತಿರುವಾಗ ಅದು ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಕಬ್ಬಿಣದ ಕೊರತೆಗೆ ಚಿಕಿತ್ಸೆಯೇ ಆಗದಿದ್ದರೆ ಹೆಚ್ಚು ತೋರಿಸಬಹುದು. ಎರಡು ದಿಕ್ಕಿಗೂ ತಪ್ಪುವ ಅಂಕಿಯನ್ನು ಹಿಡಿದು ತೀರ್ಮಾನ ಮಾಡಲಾಗದು.

ಹಿಂದಿನ ಮೂರು ದಿನ ಎಂದಿನಂತೆ ಅನ್ನ, ದೋಸೆ ತಿಂದಿರಬೇಕು. ಪರೀಕ್ಷೆಗೆಂದು ಅನ್ನ ಬಿಟ್ಟು ಬಂದರೆ ದೇಹ ಗ್ಲೂಕೋಸಿಗೆ ಸಿದ್ಧವಿರುವುದಿಲ್ಲ, ಅಂಕಿ ಸುಮ್ಮನೆ ಏರುತ್ತದೆ. ರಾತ್ರಿ ಊಟವಾಗಿ ಕನಿಷ್ಠ 8 ಗಂಟೆ ಉಪವಾಸ, ನೀರು ಕುಡಿಯಬಹುದು. ಮೊದಲ ರಕ್ತ ತೆಗೆದ ಮೇಲೆ 300 ಮಿಲಿ ನೀರಿನಲ್ಲಿ ಕರಗಿಸಿದ ಗ್ಲೂಕೋಸನ್ನು 5 ನಿಮಿಷದೊಳಗೆ ಕುಡಿಯಬೇಕು. ಪುಡಿ ಮೋನೋಹೈಡ್ರೇಟ್ (ನೀರಿನಂಶ ಸೇರಿದ್ದು) ಆಗಿದ್ದರೆ 82.5 ಗ್ರಾಂ ತೂಗಬೇಕು, ಆಗಲೇ ನಿಜವಾದ 75 ಗ್ರಾಂ ಸಿಗುವುದು. ಚಮಚದಲ್ಲಿ ಅಳೆದು ಹಾಕಬಾರದು, ಸುವಾಸನೆ ಬೆರೆಸಿದ ಅಂಗಡಿಯ ಪುಡಿಯೂ ಬೇಡ. ಮೊದಲ ಗುಟುಕಿನಿಂದ 2 ಗಂಟೆ ಎಣಿಸಿ. ಅಷ್ಟು ಹೊತ್ತು ಕುಳಿತಿರಬೇಕು, ಪೇಟೆ ಸುತ್ತಿ ಬಂದರೆ ಅಂಕಿ ಇಳಿದಿರುತ್ತದೆ. ಮಗುವಿಗೆ ಹಾಲೂಡಿಸಲು ಅಡ್ಡಿಯಿಲ್ಲ. ಕುಡಿದದ್ದು ವಾಂತಿಯಾದರೆ ಆ ದಿನಕ್ಕೆ ನಿಲ್ಲಿಸಿ ಬೇರೆ ದಿನ ಮಾಡಿ.

ಮಾದರಿ ಕಳುಹಿಸುವಲ್ಲಿ ಆಗುವ ತಪ್ಪು ಹೊರಗೆ ಕಾಣುವುದಿಲ್ಲ. ರಕ್ತವನ್ನು ಬೇರ್ಪಡಿಸದೆ ಹಾಗೆಯೇ ಇಟ್ಟರೆ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು 5ರಿಂದ 7 ಶೇಕಡ ಇಳಿಯುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಕೂಡ ಮೊದಲ ಒಂದೆರಡು ಗಂಟೆ ಇದನ್ನು ಪೂರ್ತಿ ತಡೆಯದು. ಮಾದರಿಯನ್ನು ದೂರದ ಲ್ಯಾಬಿಗೆ ಮಧ್ಯಾಹ್ನ ಒಟ್ಟಿಗೆ ಕಳುಹಿಸುವ ಕಡೆ 200ರ ಗೆರೆ ದಾಟಿ 210 ಇದ್ದದ್ದು 190 ಆಗಿ ಬಂದರೆ ಡಯಾಬಿಟಿಸ್ ಇರುವವರೇ ತಪ್ಪಿಹೋಗುತ್ತಾರೆ. ಪರೀಕ್ಷೆ ಅಲ್ಲೇ ನಡೆಯುವ ಜಾಗದಲ್ಲಿ ರಕ್ತ ಕೊಡುವುದು ಒಳ್ಳೆಯದು.

ಓದುವ ಬಗೆ (ಅಂಕಿಗಳೆಲ್ಲ ಮಿ.ಗ್ರಾಂ/ಡೆಸಿಲೀಟರ್): ಎರಡು ಗಂಟೆಯದು 140ರೊಳಗೆ ಸರಿ, 140ರಿಂದ 199 ಗಡಿಯಲ್ಲಿ, ಅಂದರೆ ಡಯಾಬಿಟಿಸ್‌ನ ಹೊಸ್ತಿಲಲ್ಲಿ, 200 ಮತ್ತು ಮೇಲೆ ಡಯಾಬಿಟಿಸ್. ಬರಿಹೊಟ್ಟೆಯದು 126 ಮುಟ್ಟಿದರೆ ಡಯಾಬಿಟಿಸ್. ಅದಕ್ಕಿಂತ ಕೆಳಗೆ ಗಡಿ ಎಲ್ಲಿಂದ ಶುರು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 110 ಎನ್ನುತ್ತದೆ, ಅಮೆರಿಕದ ಡಯಾಬಿಟಿಸ್ ಸಂಘ 100. ಈ ತಾಯಂದಿರಿಗೆ 100 ಹಿಡಿಯುವುದೇ ಮೇಲು. ಲಕ್ಷಣಗಳಿಲ್ಲದೆ ಎರಡರಲ್ಲಿ ಒಂದು ಅಂಕಿ ಮಾತ್ರ ಡಯಾಬಿಟಿಸ್ ಮಟ್ಟದಲ್ಲಿದ್ದರೆ ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ಆರು ವಾರಕ್ಕೆ ಮಗುವಿನ ಮೊದಲ ಪೆಂಟಾವೇಲೆಂಟ್ ಚುಚ್ಚುಮದ್ದು ಇದ್ದೇ ಇದೆ. ತಾಯಿ ಅವತ್ತೇ ಬರಿಹೊಟ್ಟೆಯಲ್ಲಿ ಬರುವಂತೆ ಹಿಂದಿನ ದಿನ ಫೋನ್ ಮಾಡಿ ಹೇಳಿ. ಅವತ್ತು ತಪ್ಪಿದರೆ 10 ವಾರದ ಚುಚ್ಚುಮದ್ದಿನ ದಿನ. 12 ವಾರ ದಾಟಲು ಬಿಡಬೇಡಿ.

ಕುಂಬಳೆ_ಮೆಡಿಸಿನ್:
ಮೇಲಿನದೆಲ್ಲ ಸರಿ. 'ಹೋಯಿತಲ್ಲ' ಎಂಬ ಮಾತಿಗೆ ಉತ್ತರ ಬೇಕಿದ್ದರೆ, ಅದು ಬಂದದ್ದು ಹೇಗೆ ಎಂದು ತಿಳಿದಿರಬೇಕು.

ಬಸುರಿನ ಉತ್ತರಾರ್ಧದಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಮಗುವಿಗೆ ಸಕ್ಕರೆ ಸಿಗಲೆಂದು ದೇಹ ಮಾಡಿಕೊಂಡ ಏರ್ಪಾಡು ಇದು, ಎಲ್ಲ ಬಸುರಿಯರಲ್ಲೂ ಆಗುತ್ತದೆ. ಮೇದೋಜೀರಕ ಗ್ರಂಥಿ ಎರಡು ಪಟ್ಟಿನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಹಾಗೆ ಸುರಿಸಲಾಗದವರಲ್ಲಿ ಶುಗರ್ ಏರುತ್ತದೆ. ಮಾಸು ಹೊರಬಿದ್ದ ಕೂಡಲೇ ಅಡ್ಡಿ ತೊಲಗುತ್ತದೆ, ಅಂಕಿಯೂ ಇಳಿಯುತ್ತದೆ. ಆದರೆ ಗ್ರಂಥಿಯ ದಾಸ್ತಾನು ಕಡಿಮೆ ಎಂಬುದು ಬದಲಾಗಿಲ್ಲ. ಮುಂದೆ ತೂಕ ಏರಿದಾಗ ಅದೇ ಒತ್ತಡ ಮತ್ತೆ ಬೀಳುತ್ತದೆ, ಆಗ ಇಳಿಸಿಕೊಡಲು ಹೆರಿಗೆ ಎಂಬುದಿಲ್ಲ.

2020ರಲ್ಲಿ ಪ್ರಕಟವಾದ, 13 ಲಕ್ಷಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ಜಿಡಿಎಂ ಇದ್ದವರಿಗೆ ಮುಂದೆ ಟೈಪ್ 2 ಡಯಾಬಿಟಿಸ್ ಬರುವ ಸಂಭವ ಉಳಿದವರಿಗಿಂತ ಸುಮಾರು 10 ಪಟ್ಟು. ಮೊದಲ ಐದಾರು ವರ್ಷ ಹೆಚ್ಚು ಅಪಾಯದ್ದು, ಆಮೇಲೂ ಅಪಾಯ ಪೂರ್ತಿ ಹೋಗುವುದಿಲ್ಲ. ಆದ್ದರಿಂದ 'ಎಷ್ಟು ವರ್ಷ' ಎಂದರೆ ಆಯುಷ್ಯಪೂರ್ತಿ. ಪುಸ್ತಕದಲ್ಲಿ 1ರಿಂದ 3 ವರ್ಷಕ್ಕೊಮ್ಮೆ ಎಂದಿದೆ, ನಮ್ಮ ಜನಕ್ಕೆ ವರ್ಷಕ್ಕೊಮ್ಮೆ ಎನ್ನುವುದೇ ನನ್ನ ಸಲಹೆ. ಮಗುವಿನ ಹುಟ್ಟುಹಬ್ಬದ ತಿಂಗಳನ್ನೇ ಗೊತ್ತುಮಾಡಿಕೊಳ್ಳಲಿ. ರಕ್ತಹೀನತೆ ಸರಿಹೋದವರಿಗೆ ಆಗ ಎಚ್‌ಬಿಎ1ಸಿ ಆಗುತ್ತದೆ.

ಇಲ್ಲೊಂದು ಬಿರುಕು ಇದೆ, ವಾರ್ಡಿನಲ್ಲಿ ಈ ತಾಯಂದಿರನ್ನು ನೋಡಿಕೊಳ್ಳುವ ನಿಮ್ಮಂಥವರು ಮಾತ್ರ ಮುಚ್ಚಬಲ್ಲಿರಿ. ಮನೆಮನೆಯ ಜೀವನಶೈಲಿ ರೋಗ ತಪಾಸಣೆ 30 ವರ್ಷ ದಾಟಿದವರಿಗೆ. 24ಕ್ಕೆ ಹೆತ್ತವಳು ಆ ಪಟ್ಟಿಗೆ ಬರುವಷ್ಟರಲ್ಲಿ ಅಪಾಯದ ಐದಾರು ವರ್ಷ ಕಳೆದಿರುತ್ತದೆ. ಅವಳ ಹೆಸರನ್ನು ಬೇರೆಯೇ ಬರೆದಿಟ್ಟುಕೊಳ್ಳಬೇಕು.

ಎರಡು ಗಂಟೆಯದು 140–199ರ ನಡುವೆ ಬಂದರೆ ಕೈಕಟ್ಟಿ ಕೂರುವ ಅಗತ್ಯವಿಲ್ಲ. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಅಧ್ಯಯನದಲ್ಲಿ ಹಿಂದೆ ಜಿಡಿಎಂ ಇದ್ದು ಗಡಿಯಲ್ಲಿದ್ದ ಹೆಂಗಸರಿಗೆ, ತೂಕದ 7 ಶೇಕಡ ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಕ್ರಮದಿಂದ ಡಯಾಬಿಟಿಸ್ ಬರುವುದು ಅರ್ಧಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಜಿಡಿಎಂ ಇಲ್ಲದೆ ಹೆತ್ತವರಲ್ಲಿ ಅದೇ ಮಾತ್ರೆಯಿಂದ ಇಳಿದದ್ದು 14 ಶೇಕಡ ಮಾತ್ರ. ಅಂದರೆ ಈ ಗುಂಪಿಗೆ ಮಾತ್ರೆ ವಿಶೇಷವಾಗಿ ಹಿಡಿಯುತ್ತದೆ, ನಡಿಗೆಯಿಂದ ಸಾಲದಿದ್ದರೆ ವೈದ್ಯರಲ್ಲಿ ಕೇಳುವುದು ತಪ್ಪಲ್ಲ.

ಮುಂದಿನ ಬಸುರಿನ ವಿಷಯ ಮರೆಯಬೇಡಿ. ಕಾಪರ್ ಟಿ ತೆಗೆಸುವ ಮೊದಲೇ ಶುಗರ್ ನೋಡಬೇಕು. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರದಲ್ಲಿ. ಮುಟ್ಟು ನಿಂತದ್ದು ಖಚಿತವಾಗಿ ಕೇಂದ್ರಕ್ಕೆ ಬರುವಾಗ ಆ ಸಮಯ ಮುಗಿಯುತ್ತಾ ಬಂದಿರುತ್ತದೆ.

ಬದಿಯಡ್ಕ_ಪಥ್ಯ:
ಅಜ್ಜಿಯಂದಿರ ಪ್ರಶ್ನೆಗೆ. ಓಲೆಬೆಲ್ಲವಾಗಲಿ ಕಬ್ಬಿನ ಬೆಲ್ಲವಾಗಲಿ, ಬಹುಪಾಲು ಸಕ್ಕರೆಯೇ. 10 ಗ್ರಾಂ ತುಂಡಿನಲ್ಲಿ 9 ಗ್ರಾಂನ ಹತ್ತಿರ. ಲೇಹದಲ್ಲಿ ಮದ್ದಿಗಿಂತ ಬೆಲ್ಲವೇ ಹೆಚ್ಚು. ದಿನಕ್ಕೆ ಎರಡು ಹೊತ್ತು ದೊಡ್ಡ ಚಮಚ, ಮೇಲೆ ಬೆಲ್ಲ ಹಾಕಿದ ಮೆಂತೆ ಗಂಜಿ, 40 ದಿನ ಹಾಸಿಗೆ. ತೂಕ ಇಳಿಯಬೇಕಾದ ಕಾಲದಲ್ಲಿ ಏರುವುದು ಹೀಗೆ. ಲೇಹವೇ ಬೇಡ ಎಂದರೆ ಅಜ್ಜಿಯ ಮನಸ್ಸು ನೋಯುತ್ತದೆ, ಮಾತೂ ನಡೆಯುವುದಿಲ್ಲ. ಮೆಂತೆ, ಜೀರಿಗೆ, ಶುಂಠಿ, ಬೆಳ್ಳುಳ್ಳಿ ಇರಲಿ. ಅವನ್ನು ಖಾರವಾಗಿ, ಕಷಾಯವಾಗಿ, ತಂಬುಳಿಯಾಗಿ ಮಾಡಿ ಎನ್ನಿ. ಅಜ್ಜಿಗೆ ಬೇಕಾದ್ದು ಮಗಳ ಮೈ ಕೂಡಿಬರುವುದು, ಬೆಲ್ಲವೇ ಆಗಬೇಕೆಂದಿಲ್ಲ.

ಹಾಗೆಂದು ಉಪವಾಸ ಕೂಡದು. ಹಾಲೂಡಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿಯಷ್ಟು ಹೆಚ್ಚೇ ಬೇಕು. ಅದು ಬೂತಾಯಿ, ಬಂಗುಡೆ ಮೀನು, ಮೊಟ್ಟೆ, ಹೆಸರುಕಾಳು, ಮಜ್ಜಿಗೆಯಿಂದ ಬರಲಿ. ಅನ್ನ ಕುಚ್ಚಲಕ್ಕಿಯದೇ ಇರಲಿ, ಆದರೆ ಕರಗುವಷ್ಟು ಬೇಯಿಸಿದ ಗಂಜಿಯ ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ. ಬಿಡಿಬಿಡಿ ಅನ್ನ, ಅದಕ್ಕಿಂತ ಹೆಚ್ಚು ಪಲ್ಯ, ಮೊದಲು ಪಲ್ಯ ಮೀನು ತಿಂದು ಆಮೇಲೆ ಅನ್ನ. ಸಹಜ ಹೆರಿಗೆಯಾದವರು ಉಂಡ ಮೇಲೆ ಅಂಗಳದಲ್ಲಿ 10–15 ನಿಮಿಷ ನಡೆಯಬಹುದು. ಸಿಸೇರಿಯನ್ ಆದವರೂ ಮನೆಯೊಳಗೆ ನಡೆಯಲಿ, ಭಾರ ಎತ್ತುವುದು ಆರು ವಾರದ ತಪಾಸಣೆ ಆದ ಮೇಲೆ.

ಎದೆಹಾಲು ಮಗುವಿಗೆ ಮಾತ್ರವಲ್ಲ, ತಾಯಿಗೂ ಮದ್ದು. ಕ್ಯಾಲಿಫೋರ್ನಿಯಾದಲ್ಲಿ ಜಿಡಿಎಂ ಇದ್ದ ಸುಮಾರು 1000 ತಾಯಂದಿರನ್ನು ಎರಡು ವರ್ಷ ಗಮನಿಸಿದಾಗ, ಪೂರ್ತಿ ಎದೆಹಾಲು ಕೊಟ್ಟವರಲ್ಲಿ ಡಯಾಬಿಟಿಸ್ ಬಂದದ್ದು ಡಬ್ಬಿಹಾಲಿನವರ ಸುಮಾರು ಅರ್ಧದಷ್ಟು.

ಪೆರ್ಲ_ವಾರ್ಡ್:
ತುಂಬ ಉಪಕಾರವಾಯಿತು. ಇನ್ನೊಂದೇ ಪ್ರಶ್ನೆ. ಶುಗರ್ ಇರಲಿಲ್ಲ, ಬಸುರಿಯಲ್ಲಿ ಬಿಪಿ ಏರಿತ್ತು ಎನ್ನುವವರಿಗೂ ಇದೆಲ್ಲ ಬೇಕೇ?

ಕುಂಬಳೆ_ಮೆಡಿಸಿನ್:
ಬೇಕು. ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ಬಿಪಿ ಏರುವ ತೊಂದರೆ, ಆದವರಿಗೆ ಮುಂದೆ ರಕ್ತದೊತ್ತಡ, ಹೃದಯದ ಕಾಯಿಲೆ ಹೆಚ್ಚು, ಡಯಾಬಿಟಿಸ್ ಕೂಡ ಹೆಚ್ಚು. ವರ್ಷಕ್ಕೊಮ್ಮೆ ಬಿಪಿ, ಶುಗರ್, ತೂಕ, ಸೊಂಟದ ಸುತ್ತಳತೆ ನೋಡಿ. ಸೊಂಟ 80 ಸೆಂ.ಮೀ. ದಾಟಿದರೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೆ ನಮ್ಮ ಜನಕ್ಕೆ ಹೆಚ್ಚೇ. ಜಿಡಿಎಂ ಆಗಲಿ ಬಿಪಿ ಆಗಲಿ, ಡಿಸ್ಚಾರ್ಜ್ ಚೀಟಿಯ ಫೋಟೋ ಫೋನಿನಲ್ಲಿ ಇಟ್ಟುಕೊಂಡು, ಇಲ್ಲಿನ ತಾಯಿ-ಮಗು ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿಕೊಳ್ಳಲಿ. ಮಂಗಳೂರಿನ ಚೀಟಿ ಇಲ್ಲಿಯ ನರ್ಸಿನ ಕೈಗೆ ತಾನಾಗಿ ಬರುವುದಿಲ್ಲ.